ಗಾಲ್ಫ್ ಡ್ರೈವರ್ ಆಯ್ಕೆಯ ದಿನಚರಿ: ಪುಣೆಯ ರೇಂಜ್‌ನಿಂದ

ಮೇ 4. ಯರವಡಾ ಕಡೆಯ ಗಾಲ್ಫ್ ಅಭ್ಯಾಸದ ರೇಂಜ್‌ನಲ್ಲಿ ಇಂದು ಹೊಡೆತ ಅಳೆಯುವ ಲಾಂಚ್ ಮಾನಿಟರ್ ಇಟ್ಟುಕೊಂಡು 30 ಚೆಂಡು ಹೊಡೆದೆ. ಕೈಯಲ್ಲಿದ್ದುದು ಸಹೋದ್ಯೋಗಿಯೊಬ್ಬರಿಂದ ಕೊಂಡ, 9 ಡಿಗ್ರಿ ಲಾಫ್ಟ್ (ಚೆಂಡಿಗೆ ತಾಗುವ ಮುಖ, ಎಂದರೆ ಫೇಸ್, ಹಿಂದಕ್ಕೆ ವಾಲಿರುವ ಕೋನ) ಮತ್ತು ಸ್ಟಿಫ್ (ಬಿಗಿ) ಶಾಫ್ಟ್ (ಕೋಲು) ಇರುವ ಹಳೆಯ ಡ್ರೈವರ್, ದೂರ ಹೊಡೆಯಲು ಬಳಸುವ ಗಾಲ್ಫ್ ದಾಂಡು. ಸರಾಸರಿ ಸ್ವಿಂಗ್ ವೇಗ ಗಂಟೆಗೆ 88 ಮೈಲಿ, ಚೆಂಡಿನ ವೇಗ 122 ಮೈಲಿ, ಚೆಂಡು ಏಳುವ ಕೋನ 9 ಡಿಗ್ರಿ, ಸ್ಪಿನ್ ನಿಮಿಷಕ್ಕೆ 3,500 ಸುತ್ತು, ಗಾಳಿಯಲ್ಲಿ ಸಾಗಿದ ದೂರ 176 ಗಜ. ಹೆಚ್ಚಿನವು ಬಲಕ್ಕೆ ಬಾಗಿ ಬೇಲಿಯ ದಾರಿ ಹಿಡಿದವು. ಚೆಂಡಿನ ವೇಗವನ್ನು ಸ್ವಿಂಗ್ ವೇಗದಿಂದ ಭಾಗಿಸಿದರೆ 1.39 ಬರುತ್ತದೆ, ಫೇಸ್‌ನ ನಡುವೆ ತಾಗಿದ ಹೊಡೆತದಲ್ಲಿ ಈ ಅಂಕಿ 1.5ರ ಸಮೀಪಕ್ಕೆ ಹೋಗಬೇಕು.

ಸಂಜೆ ಅಂಗಡಿಗೆ ಹೋದೆ. ಮಾರಾಟಗಾರರು ನನ್ನ ಅಂಕಿಗಳಲ್ಲಿ ಸ್ಪಿನ್ ಒಂದನ್ನೇ ನೋಡಿ, ವೃತ್ತಿಪರರು ಬಳಸುವ ಕಡಿಮೆ ಸ್ಪಿನ್‌ನ ಹೆಡ್ (ದಾಂಡಿನ ತಲೆ) ತೆಗೆದುಕೊಳ್ಳಿ, ಅದೂ 9 ಡಿಗ್ರಿ, ಸ್ಟಿಫ್ ಎಂದರು. ಅದಕ್ಕಿಂತ ಮೆದುವಾದ ರೆಗ್ಯುಲರ್ ಶಾಫ್ಟ್ ಕೇಳಿದ್ದಕ್ಕೆ ಅದು ವಯಸ್ಸಾದವರಿಗೆ ಎಂಬಂತೆ ನಕ್ಕರು. ನನಗೆ 46 ವರ್ಷ. ಉತ್ತರ ಕೊಡದೆ ಬಂದೆ.

ಮೇ 18. ಕೊಳ್ಳುವ ಮೊದಲು ವಸ್ತುವನ್ನು ಅರ್ಥ ಮಾಡಿಕೊಳ್ಳೋಣವೆಂದು ಕುಳಿತೆ. ಒಂದು ಕಾಲಕ್ಕೆ ಡ್ರೈವರ್‌ನ ತಲೆ ಪರ್ಸಿಮನ್ ಮರದ್ದಾಗಿತ್ತು. 1979ರಲ್ಲಿ ಟೇಲರ್‌ಮೇಡ್ ಸಂಸ್ಥೆಯ ಗ್ಯಾರಿ ಆಡಮ್ಸ್ ಉಕ್ಕಿನ ತಲೆಯನ್ನು ಮಾರುಕಟ್ಟೆಗೆ ತಂದರು. 1991ರ ಕ್ಯಾಲವೇ ಬಿಗ್ ಬರ್ತಾ 190 ಸಿಸಿ ಗಾತ್ರದ್ದಾಗಿದ್ದು, ಆಗ ಅದೇ ದೈತ್ಯವೆನಿಸಿತ್ತು. ಇಂದಿನ ನಿಯಮದ ಮಿತಿ 460 ಸಿಸಿ. ತಲೆಯ ತೂಕ ಮಾತ್ರ ಈಗಲೂ ಸುಮಾರು 200 ಗ್ರಾಂ. ತೆಳುವಾದ ಟೈಟಾನಿಯಂ ಫೇಸ್‌ನಿಂದಲೂ ಕಾರ್ಬನ್ ನೆತ್ತಿಯಿಂದಲೂ ಉಳಿಸಿದ ತೂಕವನ್ನು ಹಿಂಭಾಗಕ್ಕೂ ತಳಕ್ಕೂ ಸರಿಸಿರುವುದೇ ಆಧುನಿಕ ಡ್ರೈವರ್‌ನ ಮರ್ಮ. ಅಡ್ಡೆಯ ಎರಡು ತುದಿಗೂ ತುಂಬಿದ ಕೊಡ ಕಟ್ಟಿಕೊಂಡವನು ತಟ್ಟನೆ ತಿರುಗಲಾರ. ಅದೇ ರೀತಿ, ತೂಕ ಅಂಚುಗಳಿಗೆ ಹರಡಿದ ತಲೆಯೂ ಚೆಂಡು ನಡು ಬಿಟ್ಟು ತಾಗಿದಾಗ ಸುಲಭವಾಗಿ ತಿರುಚಿಕೊಳ್ಳುವುದಿಲ್ಲ. ಇದಕ್ಕೂ ನಿಯಮದಲ್ಲಿ ಮಿತಿಯಿದೆ: 5,900 ಗ್ರಾಂ-ಚದರ ಸೆಂಟಿಮೀಟರ್. ಕಡಿಮೆ ಸ್ಪಿನ್‌ನ ಹೆಡ್‌ಗಳಲ್ಲಿ ತೂಕವನ್ನು ಸಾಮಾನ್ಯವಾಗಿ ಫೇಸ್‌ನತ್ತ ಮುಂದಕ್ಕೆ ತರಲಾಗುತ್ತದೆ, ಹಾಗಾಗಿ ತಪ್ಪು ಹೊಡೆತವನ್ನು ಅವು ಅಷ್ಟಾಗಿ ಕ್ಷಮಿಸುವುದಿಲ್ಲ. ಅಂಗಡಿಯವರು ಈ ಭಾಗವನ್ನು ಹೇಳಿರಲಿಲ್ಲ.

ಜೂನ್ 1. ಇಂದಿನ ಕೆಲಸಕ್ಕೆ ಬೇಕಾದದ್ದು ಮುಖಕ್ಕೆ ಹಚ್ಚುವ ಪೌಡರ್ ಮಾತ್ರ. (ಡಬ್ಬಿ ಗಾಲ್ಫ್ ಚೀಲ ಸೇರಿದ ಸಂಗತಿ ಮನೆಯಲ್ಲಿ ಎರಡು ದಿನ ತಡವಾಗಿ ಗೊತ್ತಾಯಿತು.) ಫೇಸ್‌ನ ಮೇಲೆ ತೆಳುವಾಗಿ ಪೌಡರ್ ಸವರಿ ಹೊಡೆದರೆ, ಒಂದು ರೂಪಾಯಿ ನಾಣ್ಯದಷ್ಟು ಅಗಲದ ಗುರುತು, ಚೆಂಡಿನ ಕುಳಿಗಳ ಚುಕ್ಕಿಯ ಸಮೇತ, ಅಚ್ಚೊತ್ತಿದಂತೆ ಉಳಿಯುತ್ತದೆ. 20 ಹೊಡೆತಗಳಲ್ಲಿ 13 ಗುರುತುಗಳು ಹೀಲ್ (ಶಾಫ್ಟ್ ಸೇರುವ ಬದಿ) ಕಡೆ, ಅದೂ ಕೆಳಭಾಗದಲ್ಲಿ ಮೂಡಿದವು. ನಡುವೆ ತಾಗಿದ್ದು ನಾಲ್ಕೇ.

ನಾನು ಚಾಕಣದಲ್ಲಿ ಗೇರ್‌ಬಾಕ್ಸ್‌ಗಳ ನಡುವೆ ದುಡಿಯುವವನು. ಆದರೂ ಗಾಲ್ಫ್‌ನವರು ಹೇಳುವ ‘ಗೇರ್ ಎಫೆಕ್ಟ್’ ನಿಜಕ್ಕೂ ತಲೆಗೆ ಹೊಕ್ಕಿದ್ದು ಈ ಗುರುತುಗಳನ್ನು ನೋಡಿದಾಗಲೇ. ಹಲ್ಲಿಗೆ ಹಲ್ಲು ಕೂಡಿದ ಎರಡು ಚಕ್ರಗಳಲ್ಲಿ ಒಂದು ಒಂದೆಡೆ ತಿರುಗಿದರೆ ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗುವಂತೆ, ಹೀಲ್‌ಗೆ ತಾಗಿದಾಗ ತಲೆ ಒಂದು ಕಡೆ ಹೊರಳಿ, ಚೆಂಡು ಬಲಕ್ಕೆ ಬಾಗುವ ಸ್ಪಿನ್ ಪಡೆಯುತ್ತದೆ. ಕೆಳಗೆ ತಾಗಿದರೆ ತಲೆ ಮುಂದಕ್ಕೆ ಬಗ್ಗಿ, ಚೆಂಡಿನ ಹಿಮ್ಮುಖ ಸ್ಪಿನ್ ಹೆಚ್ಚುತ್ತದೆ. ಫೇಸ್ ಮೇಲಿನಿಂದ ಕೆಳಕ್ಕೂ ತುಸು ಉಬ್ಬಿರುವುದರಿಂದ ಕೆಳಭಾಗದಲ್ಲಿ ಲಾಫ್ಟ್ ಕೂಡ ಕಡಿಮೆ. ಎಂದರೆ ನನ್ನ ಸ್ಲೈಸ್ (ಬಲಕ್ಕೆ ಬಾಗುವ ಹೊಡೆತ), 3,500 ಸುತ್ತಿನ ಸ್ಪಿನ್, ತಗ್ಗಿನಲ್ಲೇ ಏಳುವ ಚೆಂಡು, ಈ ಮೂರಕ್ಕೂ ಆ ಬಿಳಿಯ ಗುರುತೇ ಬಹುಮಟ್ಟಿಗೆ ಕಾರಣ. ಈ ಸ್ಪಿನ್ ಇಳಿಸಲು ಬೇರೆ ಹೆಡ್ ಕೊಳ್ಳುವುದೆಂದರೆ, ಅಳತೆ ತಪ್ಪಿದ ಚಪ್ಪಲಿ ಕಚ್ಚಿತೆಂದು ಕಾಲಿಗೆ ಮುಲಾಮು ಕೊಂಡಂತೆ.

ಜೂನ್ 8. ಗ್ರಿಪ್‌ನ ತುದಿಯಿಂದ ಮುಕ್ಕಾಲು ಇಂಚು ಕೆಳಗೆ ಟೇಪ್ ಸುತ್ತಿ, ಅದರ ಕೆಳಗೆ ಹಿಡಿದು ಹೊಡೆದೆ. ಅಂಗಡಿಯ ಡ್ರೈವರ್‌ಗಳು ಸಾಮಾನ್ಯವಾಗಿ 45.5 ಇಂಚಿನ ಆಸುಪಾಸಿನಲ್ಲಿರುತ್ತವೆ, ನನ್ನದು 45.75. ಉದ್ದ ಹೆಚ್ಚಿದಷ್ಟು ವೇಗ ಹೆಚ್ಚೀತು, ಆದರೆ ನಡುವಿಗೆ ತಾಗಿಸುವುದು ಕಷ್ಟ. ಗುರುತುಗಳು ಹೀಲ್ ಬಿಟ್ಟು ಒಳಕ್ಕೆ ಬಂದವು, ಮೇಲಕ್ಕೆ ಏರಲಿಲ್ಲ.

ಅದನ್ನು ಸರಿಪಡಿಸಿದವರು ಕಲಬುರಗಿ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ಕ್ಯಾಡಿ (ಆಟಗಾರರ ಚೀಲ ಹೊರುವವರು). ನನ್ನ ಮರಾಠಿಯಲ್ಲೇ ನನ್ನ ಊರು ಗುರುತಿಸಿ, ಚೆಂಡು ಇಡುವ ಪುಟ್ಟ ಗೂಟವಾದ ಟೀ ನೋಡಿ, “ಸಾಹೇಬ್ರ, ಟೀ ಇನ್ನಾ ಸ್ವಲ್ಪ ಮ್ಯಾಲ ಮಾಡ್ರಿ. ಅರ್ಧಾ ಚೆಂಡು ಡ್ರೈವರಿನ ನೆತ್ತಿ ಮ್ಯಾಲ ಕಾಣಬೇಕ್ರಿ,” ಎಂದರು. ಅಷ್ಟೇ. ಹಳೆಯ ಡ್ರೈವರ್‌ನಲ್ಲೇ ಚೆಂಡಿನ ವೇಗ 126 ಮೈಲಿಗೆ ಏರಿ, ಸ್ಪಿನ್ 2,900ಕ್ಕೆ ಇಳಿಯಿತು. ಒಂದು ಪೈಸೆ ಖರ್ಚಿಲ್ಲ.

ಜೂನ್ 22. ಮಳೆ ಹಿಡಿದಿದೆ. ಒದ್ದೆ ನೆಲದಲ್ಲಿ ಚೆಂಡು ಬಿದ್ದಲ್ಲೇ ಕೂರುವುದರಿಂದ, ಪುಣೆಯ ಈ ನಾಲ್ಕು ತಿಂಗಳು ಉರುಳುವ ದೂರವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ; ಗಾಳಿಯಲ್ಲಿ ಸಾಗಿದ್ದೇ ದೂರ. ನನ್ನ ವೇಗಕ್ಕೆ 9 ಡಿಗ್ರಿ ಲಾಫ್ಟ್ ಸಾಲದೆಂಬುದು ಈಗ ಖಚಿತ. ಬೇರೆ ಅಂಗಡಿಯಲ್ಲಿ ಮೂರು ಹೆಡ್, ನಾಲ್ಕು ಶಾಫ್ಟ್ ಪರೀಕ್ಷಿಸಿದೆ. ಶಾಫ್ಟ್‌ನ ಮೇಲಿನ ಅಕ್ಷರಕ್ಕೆ ಎಲ್ಲ ಕಂಪನಿಗಳಿಗೂ ಒಪ್ಪಿತವಾದ ಒಂದೇ ಅಳತೆಯಿಲ್ಲ. ಒಬ್ಬರ ‘ಆರ್’ (ರೆಗ್ಯುಲರ್) ಇನ್ನೊಬ್ಬರ ‘ಎಸ್’ (ಸ್ಟಿಫ್)ನಷ್ಟೇ ಬಿಗಿಯಾಗಿತ್ತು. ಆದ್ದರಿಂದ ಅಕ್ಷರ ಮರೆತು ತೂಕವನ್ನೂ ಗುರುತು ಬಿದ್ದ ಜಾಗವನ್ನೂ ನೋಡಿದೆ.

ಜುಲೈ 6. ಕೊಂಡದ್ದು ಹೋದ ವರ್ಷದ ಮಾದರಿ: 10.5 ಡಿಗ್ರಿಯ, ತೂಕ ಹಿಂದಕ್ಕಿರುವ ಹೆಡ್, 55 ಗ್ರಾಂನ ರೆಗ್ಯುಲರ್ ಶಾಫ್ಟ್. ಹೆಡ್‌ನಲ್ಲಿ ಶಾಫ್ಟ್ ಕೂರುವ, ತಿರುಗಿಸಬಹುದಾದ ಕೊಳವೆಯಲ್ಲಿ ಲಾಫ್ಟ್ ಅನ್ನು 11.5ಕ್ಕೆ ತಿರುಗಿಸಿದೆ, ಹೀಗೆ ಏರಿಸಿದಾಗ ಫೇಸ್ ಕೂಡ ಕೊಂಚ ಎಡಕ್ಕೆ ತಿರುಗಿ ಮುಚ್ಚಿಕೊಳ್ಳುತ್ತದೆ, ಸ್ಲೈಸ್ ಹೊಡೆಯುವವನಿಗೆ ಅದು ಬಯಸದೆ ಬಂದ ಲಾಭ. ಶಾಫ್ಟ್ ಅನ್ನು 45 ಇಂಚಿಗೆ ಕತ್ತರಿಸಿದ ಮೊದಲ ದಿನ ತಲೆ ಎಲ್ಲಿದೆ ಎಂಬುದೇ ಕೈಗೆ ತಿಳಿಯದೆ ಖಾಲಿ ಕೋಲು ಬೀಸಿದಂತಾಗಿತ್ತು. ಹಿಂದಿನ ತೂಕದ ತಿರುಪು ಬದಲಿಸಿ 8 ಗ್ರಾಂ ಸೇರಿಸಿದ ಮೇಲೆ ಅದು ಸರಿಹೋಯಿತು. ಆಟದ ನಡುವೆ ಇಂಥ ಬದಲಾವಣೆಗೆ ನಿಯಮದಲ್ಲಿ ಅವಕಾಶವಿಲ್ಲ, ಫೇಸ್‌ಗೆ ಪೌಡರ್ ಹಚ್ಚುವುದಕ್ಕೂ ಇಲ್ಲ. ಅವೆಲ್ಲ ರೇಂಜ್‌ನಲ್ಲೇ ಮುಗಿಯಬೇಕು.

ಜುಲೈ 20. ಸ್ವಿಂಗ್ ವೇಗ ಅದೇ 88, ಚೆಂಡಿನ ವೇಗ 127, ಕೋನ 13.5 ಡಿಗ್ರಿ, ಸ್ಪಿನ್ 2,800, ದೂರ 196 ಗಜ. ಈಗ ಐದಕ್ಕೊಂದು ಚೆಂಡು ಟೋ (ಹೀಲ್‌ಗೆ ಎದುರಿನ ತುದಿ) ಕಡೆ ತಾಗಿ ಎಡಕ್ಕೆ ಬಾಗುತ್ತಿದೆ. ಏಕೆಂದು ಗುರುತು ನೋಡೋಣವೆಂದರೆ, ಈ ತೇವದಲ್ಲಿ ಪೌಡರ್ ಎರಡೇ ಹೊಡೆತಕ್ಕೆ ದೋಸೆ ಹಿಟ್ಟಿನಂತೆ ಅಂಟಿಕೊಳ್ಳುತ್ತದೆ. ಆ ತನಿಖೆ ಅಕ್ಟೋಬರ್‌ಗೆ.