ಮಿಲಿಟರಿಯಿಂದ ಅಗ್ನಿಶಾಮಕಕ್ಕೆ ಬಂದವನು ಕಲಿತದ್ದು

ಮಿಲಿಟರಿಯಲ್ಲಿ ಇದ್ದು ಬಂದವರಿಗೆ ಅಗ್ನಿಶಾಮಕ ಕೆಲಸ ಸಲೀಸು ಅಂತ ನಮ್ಮ ಮಂಡ್ಯ ಕಡೆ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಬೆಳಗಿನ ಪಿ.ಟಿ., ಪರೇಡು, ಸಾಮಾನಿನ ಲೆಕ್ಕ, ಬೆಲ್ ಹೊಡೆದ ತಕ್ಷಣ ಓಡಿ ಗಾಡಿ ಹತ್ತುವುದು, ಇದೆಲ್ಲ ಮೈಗೆ ಹತ್ತಿರುತ್ತದೆ. ನೀರಿನ ಹೋಸ್ ಪೈಪು ಹಾಸುವುದು, ಏಣಿ ಹತ್ತುವುದು, ಬೆನ್ನಿಗೆ ಉಸಿರಾಡುವ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಹೊಗೆಯೊಳಗೆ ನುಗ್ಗುವುದು, ಇವನ್ನೂ ತರಬೇತಿಯಲ್ಲಿ ಕಲಿಯಬಹುದು. ಜನರ ಮಧ್ಯೆ ನಿಂತು ಕೆಲಸ ಮಾಡುವುದಕ್ಕೆ ಮಾತ್ರ ಜಾಸ್ತಿ ಸಮಯ ಹಿಡಿಯಿತು.

ಮಿಲಿಟರಿಯಲ್ಲಿ ಆರ್ಡರ್ ಮೇಲಿನಿಂದ ಬರುತ್ತದೆ. ಇಲ್ಲಿ 101ಕ್ಕೋ 112ಕ್ಕೋ ಯಾರೋ ಗಾಬರಿಯಲ್ಲಿ ಫೋನ್ ಮಾಡಿರುತ್ತಾರೆ. ಊರ ಹೆಸರು, 'ಬೆಂಕಿ ಬಿದ್ದದೆ ಬನ್ನಿ', ಅಷ್ಟೇ. ಮಿಕ್ಕಿದ್ದನ್ನೆಲ್ಲ ಅಲ್ಲಿರುವವರನ್ನೇ ಕೇಳಿ ತಿಳಿಯಬೇಕು. ಅವರು ಅಳುತ್ತಿರುತ್ತಾರೆ, ಇಲ್ಲವೇ ಲೇಟಾಗಿ ಬಂದಿರಿ ಅಂತ ಬೈಯುತ್ತಿರುತ್ತಾರೆ.

ಪಾಂಡವಪುರದ ಕಡೆ ಒಂದು ಹುಲ್ಲಿನ ಮೆದೆಗೆ ಬೆಂಕಿ ಬಿದ್ದಿತ್ತು. ಗಾಡಿ ನಿಂತ ಕೂಡಲೇ ನನ್ನ ಕೈ ಹೋಸಿನ ಕಡೆ ಹೋಯಿತು. ನಮ್ಮ ತಂಡದ ಮುಂದಾಳು ಲೀಡಿಂಗ್ ಫೈರ್‌ಮನ್ ಮಾತ್ರ ಸೀದಾ ಆ ಮನೆಯ ಅಜ್ಜಿಯ ಹತ್ತಿರ ಹೋದರು.

"ಅವ್ವಾ, ದನ ಎಲ್ಲಾ ಬಿಚ್ಚಿದ್ರಾ?"

"ಕರ ಇನ್ನೂ ಕೊಟ್ಟಿಗೇಲೇ ಅದೆ ಕಣಪ್ಪಾ!"

ಹೊಗೆಯಲ್ಲಿ ಮೆದೆಯ ಹಿಂದಿದ್ದ ಕೊಟ್ಟಿಗೆಯೇ ಕಾಣುತ್ತಿರಲಿಲ್ಲ. ಮೊದಲ ನೀರು ಕೊಟ್ಟಿಗೆಯ ಸೋಗೆ ಚಾವಣಿಗೆ ಹೋಯಿತು. ಇನ್ನೊಬ್ಬರು ಹಗ್ಗ ಕುಯ್ದು ಕರುವನ್ನು ಎಳೆದು ತಂದರು. ಮೆದೆಯ ಸರದಿ ಆಮೇಲೆ. ಹುಲ್ಲಿಗೆ ಮೇಲಿಂದ ಎಷ್ಟು ನೀರು ಹೊಡೆದರೂ ಅದು ಪಕ್ಕಕ್ಕೆ ಜಾರಿ ಹೋಗುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ. ಬಿಟ್ಟು ಬಂದರೆ ರಾತ್ರಿ ಮತ್ತೆ ಹೊತ್ತಿಕೊಳ್ಳುತ್ತದೆ. ಪದರ ಪದರವಾಗಿ ಕಿತ್ತು ನೆನೆಸಬೇಕು. ಅದಕ್ಕೆ ನಾವು ನಾಲ್ಕೈದು ಜನ ಸಾಲದು, ಊರಿನ ಹುಡುಗರೇ ಕವೆಗೋಲು ಹಿಡಿದು ಬರಬೇಕು. ಸ್ವಲ್ಪ ಹೊತ್ತಿನ ಮುಂಚೆ ನಮ್ಮನ್ನು ಬೈದವರೇ ಅವತ್ತು ಸಂಜೆವರೆಗೂ ಹುಲ್ಲು ಎಳೆದರು. ಜನರನ್ನು ದೂರ ನಿಲ್ಲಿಸುವುದು ಎಷ್ಟು ಮುಖ್ಯವೋ, ಯಾರನ್ನು ಹತ್ತಿರ ಕರೆಯಬೇಕು ಅಂತ ನೋಡುವುದೂ ಅಷ್ಟೇ ಮುಖ್ಯ.

ಕಬ್ಬಿನ ಗದ್ದೆಯದೂ ಇದೇ ಕಥೆ. ಒಣಗಿದ ತರಗು ಒಮ್ಮೆ ಹಿಡಿದರೆ ಗಾಳಿಯ ಜೊತೆ ಓಡುತ್ತದೆ. ಮೇಲೆ ವಿದ್ಯುತ್ ತಂತಿ ಇದ್ದರೆ ವಿದ್ಯುತ್ ಕಂಪನಿ ಸೆಸ್ಕ್‌ನವರು ಲೈನ್ ಆಫ್ ಮಾಡುವ ತನಕ ಅದರ ಕೆಳಗೆ ನೀರು ಹೊಡೆಯುವ ಹಾಗಿಲ್ಲ. ರೈತ ಕಣ್ಣೆದುರು ಕಿರುಚುತ್ತಿರುತ್ತಾನೆ. ಸುಟ್ಟ ಕಬ್ಬು ಬೇಗ ಕಾರ್ಖಾನೆ ಸೇರದಿದ್ದರೆ ತೂಕವೂ ಇಲ್ಲ, ಸಿಹಿಯೂ ಇಲ್ಲ. ವರ್ಷದ ದುಡಿಮೆ ಅಲ್ವಾ? ಯಾಕೆ ಕಾಯುತ್ತಿದ್ದೇವೆ ಅಂತ ಅವನಿಗೆ ಎರಡು ಮಾತಲ್ಲಿ ಹೇಳಲೇಬೇಕು. ಹೇಳಿದರೆ ಲೈನ್‌ಮನ್‌ಗೆ ಅವನೇ ಫೋನ್ ಮಾಡುತ್ತಾನೆ, ಗಾಡಿ ಹೋಗುವ ದಾರಿಯನ್ನೂ ತೋರಿಸುತ್ತಾನೆ. ಮೈಸೂರಿನ ಹಳೇ ಮೊಹಲ್ಲಾಗಳ ಗಲ್ಲಿಗಳಲ್ಲೂ ಅಷ್ಟೇ, ಯಾವ ಕಡೆಯಿಂದ ಗಾಡಿ ನುಗ್ಗುತ್ತದೆ ಅನ್ನುವುದು ಪಕ್ಕದ ಅಂಗಡಿಯವರಿಗೆ ಗೊತ್ತಿರುತ್ತದೆ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಸ್ ಉರುಳಿ 30 ಜನ ಸತ್ತರು. ಅವತ್ತು ಮೊದಲು ನೀರಿಗೆ ಇಳಿದವರು ಅಕ್ಕಪಕ್ಕದ ಹೊಲದಲ್ಲಿದ್ದ ಜನ. ಎಷ್ಟೇ ಬೇಗ ಹೊರಟರೂ ನಾವು ತಲುಪುವ ಮುಂಚೆ ಊರಿನವರು ಅಲ್ಲಿರುತ್ತಾರೆ. ಅವರು ನೋಡಿದ್ದನ್ನು ಕೇಳದೆ ಕೆಲಸ ಶುರು ಮಾಡಿದರೆ ಅಮೂಲ್ಯವಾದ ನಿಮಿಷಗಳು ಸುಮ್ನೆ ಹೋಗುತ್ತವೆ.

ಮಿಲಿಟರಿಯಿಂದ ನಿವೃತ್ತಿ ಹತ್ತಿರ ಬಂದಿರುವ ನಮ್ಮ ಹುಡುಗರಿಗೆ ಒಂದೆರಡು ವಿಷಯ. ರಾಜ್ಯ ಸರ್ಕಾರದ ಅಗ್ನಿಶಾಮಕ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಇದೆ, ವಯಸ್ಸಿನಲ್ಲೂ ಸಡಿಲಿಕೆ ಇದೆ. ಡಿಸ್ಚಾರ್ಜ್ ಬುಕ್ ಸರಿಯಾಗಿಟ್ಟುಕೊಂಡು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಡ್ರೈವರ್ ಆಗುವ ಮನಸ್ಸಿದ್ದರೆ ಹೆವಿ ಲೈಸೆನ್ಸ್ ಮಾಡಿಸಿಕೊಳ್ಳಿ. ಈಜು ಬಾರದಿದ್ದರೆ ಈಗಲೇ ಕಲಿಯಿರಿ. ನಾಲೆ, ಕೆರೆ, ಬಾವಿ ಇರುವ ಈ ಸೀಮೆಯಲ್ಲಿ ಬರುವ ಕಾಲ್‌ಗಳೆಲ್ಲ ಬೆಂಕಿಯದ್ದೇ ಆಗಿರುವುದಿಲ್ಲ.