ಮಕ್ಕಳ ಮಿದುಳು ಸೋಂಕು: ಸೀಕ್ವೆನ್ಸಿಂಗ್‌ಗೆ ಒಂದು ಟ್ಯೂಬ್ ಮೊದಲೇ ಎತ್ತಿಡಿ

ಜ್ವರ, ಫಿಟ್ಸ್, ಪ್ರಜ್ಞೆ ತಪ್ಪಿದ ಸ್ಥಿತಿ. ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯಿಂದ ದಾವಣಗೆರೆಯ ಐಸಿಯುಗಳಿಗೆ ಹೀಗೆ ಬರುವ ಮಕ್ಕಳಲ್ಲಿ ಕೆಲವರಿಗೆ ಕಲ್ಚರ್ (ರೋಗಾಣು ಬೆಳೆಸಿ ನೋಡುವುದು), ಪಿಸಿಆರ್ (ನಿರ್ದಿಷ್ಟ ರೋಗಾಣುವಿನ ಜೀನ್ ಹುಡುಕುವುದು) ಎರಡರಲ್ಲೂ ಕಾರಣ ಸಿಗುವುದಿಲ್ಲ. ಮಾದರಿಯಲ್ಲಿರುವ ಎಲ್ಲ ಡಿಎನ್ಎ, ಆರ್‌ಎನ್ಎ ಓದಿ ರೋಗಾಣು ಹುಡುಕುವ ಸೀಕ್ವೆನ್ಸಿಂಗ್ ನೆನಪಾಗುವುದು ಆಗ. ಅಷ್ಟರಲ್ಲಿ ಮೊದಲ ದಿನ ತೆಗೆದ ಬೆನ್ನಿನ ನೀರು (ಮಿದುಳು, ಬೆನ್ನುಹುರಿಯ ಸುತ್ತಲಿನ ದ್ರವ) ಖಾಲಿಯಾಗಿರುತ್ತದೆ. ಕಳಿಸುವ ತೀರ್ಮಾನ ಆಮೇಲೆ ಆಗಲಿ, ಟ್ಯೂಬ್ ಮಾತ್ರ ಅಂದೇ ಎತ್ತಿಡಬೇಕು.

ಸುಮಾರು 20 ಹನಿಗೆ 1 ಎಂಎಲ್. ಮಾಮೂಲಿ ಪರೀಕ್ಷೆಗಳಿಗೆ ತೆಗೆದ ಮೇಲೆ ಕೊನೆಯ 1 ಎಂಎಲ್ ಅನ್ನು ಸ್ಟೆರೈಲ್ ಸ್ಕ್ರೂ ಕ್ಯಾಪ್ ಟ್ಯೂಬಿಗೆ ಹಿಡಿಯಿರಿ. ಕೊನೆಯದೇ ಏಕೆಂದರೆ, ಸೂಜಿ ಚುಚ್ಚಿದಾಗ ಬರುವ ರಕ್ತ ಮೊದಲ ಹನಿಗಳಲ್ಲೇ ಹೆಚ್ಚು. ಮಾದರಿಯಲ್ಲಿ ಸಿಗುವ ಡಿಎನ್ಎ, ಆರ್‌ಎನ್ಎ ಬಹುಪಾಲು ಮಗುವಿನದೇ. ರಕ್ತ ಸೇರಿದರೆ ರೋಗಾಣುವಿನ ಪಾಲು ಇನ್ನೂ ಮುಳುಗುತ್ತದೆ. ಆ ಪಾಲು ಎಷ್ಟು ಚಿಕ್ಕದೆಂದರೆ, 2014ರಲ್ಲಿ ಅಮೆರಿಕದಲ್ಲಿ ವರದಿಯಾದ 14 ವರ್ಷದ ಹುಡುಗನ ಪ್ರಕರಣದಲ್ಲಿ 30 ಲಕ್ಷಕ್ಕೂ ಹೆಚ್ಚು ರೀಡ್‌ಗಳ (ಯಂತ್ರ ಓದಿದ ಡಿಎನ್ಎ ತುಣುಕುಗಳ) ಪೈಕಿ ಲೆಪ್ಟೊಸ್ಪೈರಾ ಬ್ಯಾಕ್ಟೀರಿಯಾದವು 475 ಮಾತ್ರ. ಪೆನ್ಸಿಲಿನ್ ಕೊಡಲು ಅಷ್ಟೇ ಸಾಕಾಯಿತು, ಹುಡುಗ ಚೇತರಿಸಿಕೊಂಡ.

ಹೆಚ್ಚು ಎಡವುವುದು ಟ್ಯೂಬ್ ಇಡುವ ಜಾಗದಲ್ಲಿ. ಕಲ್ಚರ್ ಟ್ಯೂಬನ್ನು ಫ್ರಿಜ್‌ಗೆ ಹಾಕಬಾರದು. ಮೆನಿಂಗೊಕಾಕಸ್, ಹಿಮೋಫಿಲಸ್ ಬ್ಯಾಕ್ಟೀರಿಯಾಗಳು ತಂಪಿಗೆ ಸಾಯುತ್ತವೆ. ಜೀವಕೋಶ ಎಣಿಕೆ ಒಂದು ಗಂಟೆಯೊಳಗೆ ಆಗಬೇಕು, ತಡವಾದರೆ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಒಡೆದು ಲೆಕ್ಕ ಕಡಿಮೆ ಬರುತ್ತದೆ. ಸೀಕ್ವೆನ್ಸಿಂಗ್ ಟ್ಯೂಬಿನದು ಇದಕ್ಕೆ ತದ್ವಿರುದ್ಧ. ಆರ್‌ಎನ್ಎ ಬೇಗ ಹಾಳಾಗುವುದರಿಂದ ತಕ್ಷಣ ಐಸ್ ಮೇಲಿಟ್ಟು, ಮೈನಸ್ 70 ಡಿಗ್ರಿ ಫ್ರೀಜರ್‌ಗೆ ಸೇರಿಸಬೇಕು. ತಾನೇ ಐಸ್ ಕರಗಿಸಿಕೊಳ್ಳುವ ಮನೆ ಬಳಕೆಯ ಫ್ರೀಜರ್‌ನಲ್ಲಿ ಮಾದರಿ ಕರಗಿ ಗಟ್ಟಿಯಾಗುತ್ತಲೇ ಇರುತ್ತದೆ. ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಬೇಸಿಗೆಯಲ್ಲಿ ಐಸ್ ಪ್ಯಾಕ್ ನಂಬಿ ರಾತ್ರಿ ಬಸ್ಸಿಗೆ ಹಾಕಬೇಡಿ, ಡ್ರೈ ಐಸ್ ಇರಲಿ.

ವರದಿ ಓದುವಾಗಲೂ ಅಷ್ಟೇ ಎಚ್ಚರ ಬೇಕು. ಕ್ಯೂಟಿಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಚರ್ಮದಿಂದ ಬಂದದ್ದು, ರಾಲ್ಸ್ಟೋನಿಯಾ ಪರೀಕ್ಷಾ ಕಿಟ್ಟಿನ ನೀರಿನಿಂದ. ಜೊತೆಗೆ ಓಡಿಸಿದ ಖಾಲಿ ಕಂಟ್ರೋಲ್‌ನಲ್ಲಿ (ರೋಗಿಯ ಮಾದರಿ ಹಾಕದ ಟ್ಯೂಬಿನಲ್ಲಿ) ಅದೇ ಜೀವಿ ಎಷ್ಟಿತ್ತು ಎಂದು ಲ್ಯಾಬನ್ನು ಕೇಳಿ. ವೈರಸ್ ಎಂದಿದ್ದರೆ ಅದರ ಜೀನೋಮಿನ ಬೇರೆ ಬೇರೆ ಭಾಗಗಳಿಂದ ರೀಡ್ ಬಂದಿವೆಯೇ ನೋಡಿ. ಒಂದೇ ಜಾಗದ ರೀಡ್‌ಗಳನ್ನು ನಾವು ನಂಬುವುದಿಲ್ಲ.

ನೆಗೆಟಿವ್ ಬಂದರೆ ಸೋಂಕಿಲ್ಲ ಎಂದಲ್ಲ. 2019ರಲ್ಲಿ ಪ್ರಕಟವಾದ 204 ರೋಗಿಗಳ ಅಧ್ಯಯನದಲ್ಲಿ ಖಚಿತವಾದ 58 ಸೋಂಕುಗಳ ಪೈಕಿ 13 ಸಿಕ್ಕಿದ್ದು ಸೀಕ್ವೆನ್ಸಿಂಗ್‌ನಿಂದ ಮಾತ್ರ, ಅದು ಹಿಡಿಯದೇ ಬಿಟ್ಟವು 26. ಜಪಾನೀಸ್ ಎನ್ಸೆಫಲೈಟಿಸ್‌ನಲ್ಲಿ ಮಗು ಆಸ್ಪತ್ರೆಗೆ ಬರುವ ಹೊತ್ತಿಗೆ ಬೆನ್ನಿನ ನೀರಿನಲ್ಲಿ ವೈರಸ್ ಸಾಮಾನ್ಯವಾಗಿ ಉಳಿದಿರುವುದಿಲ್ಲ, ಕಾಯಿಲೆಯನ್ನು ತೋರಿಸುವುದು ಐಜಿಎಂ ಪ್ರತಿಕಾಯದ ಪರೀಕ್ಷೆ. ಟಿಬಿಯಲ್ಲಿ ರೋಗಾಣುಗಳೇ ವಿರಳ. ಎನ್ಎಂಡಿಎ ರಿಸೆಪ್ಟರ್ ಪ್ರತಿಕಾಯದ ಕಾಯಿಲೆ (ದೇಹದ ಪ್ರತಿಕಾಯಗಳೇ ಮಿದುಳಿನ ಮೇಲೆ ದಾಳಿ ಮಾಡುವುದು) ಸೋಂಕೇ ಅಲ್ಲ. ಈ ಕಾಯಿಲೆಗಳ ಪರೀಕ್ಷೆಗಳು ಸೀಕ್ವೆನ್ಸಿಂಗ್ ಜೊತೆಜೊತೆಗೇ ನಡೆಯಬೇಕು.

ವರದಿ ಬರಲು ದಿನಗಳು ಬೇಕು. ಸೆಫ್ಟ್ರಿಯಾಕ್ಸೋನ್, ಅಸೈಕ್ಲೊವಿರ್, ಸ್ಕ್ರಬ್ ಟೈಫಸ್ ಅನುಮಾನವಿದ್ದರೆ ಡಾಕ್ಸಿಸೈಕ್ಲಿನ್ ಮೊದಲ ಗಂಟೆಗಳಲ್ಲೇ ಶುರುವಾಗಲಿ. ಮಿದುಳಿನ ಒತ್ತಡ ಹೆಚ್ಚಿದ್ದು ಬೆನ್ನಿನ ನೀರು ತೆಗೆಯುವುದು ಮುಂದೆ ಹೋದರೂ ಔಷಧಿ ನಿಲ್ಲಬಾರದು. ಯಾವ ಔಷಧಿಯ ಮೊದಲ ಡೋಸ್ ಎಷ್ಟು ಗಂಟೆಗೆ ಹೋಯಿತು, ನೀರು ತೆಗೆದದ್ದು ಎಷ್ಟು ಗಂಟೆಗೆ, ಎರಡನ್ನೂ ಫಾರಂನಲ್ಲಿ ಬರೆದು ಕಳಿಸಿ.