ಎಡಗೈ ಹೆಬ್ಬೆರಳು

ಕಳೆದ ಭಾನುವಾರ ಉಲ್ಮ್‌ನಲ್ಲಿರುವ ಸ್ನೇಹಿತರ ಮನೆಗೆ ಊಟಕ್ಕೆ ಹೊರಟಿದ್ದೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಯಜಮಾನರು, ಹಿಂದೆ ಮಗಳು, ಅವಳ ಪಕ್ಕ ಬಿಸಿಬೇಳೆಬಾತಿನ ಡಬ್ಬ. ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಎ8 ಹೆದ್ದಾರಿ ಹಿಡಿದು ಐಖೆಲ್‌ಬೆರ್ಗ್ ಕಳೆದರೆ ರಸ್ತೆ ಬೆಟ್ಟ ಹತ್ತುತ್ತದೆ. ಶಿರಾಡಿ ಘಾಟಿ ಹತ್ತಿಳಿದ ಹಾಸನದವಳಿಗೆ ಅದೇನು ಮಹಾ ಘಾಟಿ ಅಲ್ಲ, ಆದರೆ ಜಾಮ್ ಆಗುವುದರಲ್ಲಿ ಮಾತ್ರ ಶಿರಾಡಿಯ ತಂಗಿಯೇ. ಅಲ್ಲಿ ಸಿಕ್ಕಿಹಾಕಿಕೊಂಡೆವು.

ಗಾಡಿಗಳು ಇನ್ನೂ ಪೂರ್ತಿ ನಿಂತಿರಲಿಲ್ಲ, ತೆವಳುತ್ತಿದ್ದವು. ಅಷ್ಟರಲ್ಲೇ ಎಡಗಡೆ ಲೇನಿನವರು ಎಡದ ಅಂಚಿಗೆ ಸರಿದರು, ಮಿಕ್ಕವರೆಲ್ಲ ಬಲಕ್ಕೆ. ನಡುವೆ ಒಂದು ಖಾಲಿ ಓಣಿ. ಇದಕ್ಕೆ ಇಲ್ಲಿ ರೆಟ್ಟುಂಗ್ಸ್‌ಗಾಸೆ ಅನ್ನುತ್ತಾರೆ, ಜೀವ ಉಳಿಸೋ ಓಣಿ ಅಂತ ಇಟ್ಟುಕೊಳ್ಳಿ. ಆಂಬುಲೆನ್ಸ್ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲ್ಲ, ಸೈರನ್ ಸದ್ದೂ ಇರಲ್ಲ. ಆದರೂ ಓಣಿ ಮಾಡಿಕೊಂಡು ಕಾಯಬೇಕು. ಮಾಡದಿದ್ದರೆ 200 ಯೂರೋ ದಂಡ, 2 ಪಾಯಿಂಟ್, ಒಂದು ತಿಂಗಳು ಗಾಡಿ ಮುಟ್ಟುವ ಹಾಗಿಲ್ಲ. ಪಾಯಿಂಟ್ ಅಂದರೆ, ಉತ್ತರದ ತುದಿಯಲ್ಲಿ ಫ್ಲೆನ್ಸ್‌ಬುರ್ಗ್ ಅಂತ ಒಂದು ಊರಿದೆ, ಅಲ್ಲಿನ ಸರ್ಕಾರಿ ಕಚೇರಿಯಲ್ಲಿ ದೇಶದ ಎಲ್ಲ ಡ್ರೈವರ್‌ಗಳ ಪಾಪದ ಲೆಕ್ಕ ಇರುತ್ತದೆ. 8 ಆಯಿತೋ, ಲೈಸೆನ್ಸ್ ಹೋಯಿತು. ನಮ್ಮನೆಯಲ್ಲಿ ಅದಕ್ಕೆ ಚಿತ್ರಗುಪ್ತನ ಆಫೀಸು ಅಂತಲೇ ಹೆಸರು.

ಹಿಂದಿನ ಸೀಟಿನಿಂದ ಮಗಳ ಬಲಗೈ ನಮ್ಮಿಬ್ಬರ ನಡುವೆ ಬಂತು, ಹಿಂಗೈ ನಮ್ಮ ಕಡೆಗೆ. "ಅಮ್ಮ, ಹೆಬ್ಬೆರಳು ಎಡಗಡೆ ಲೇನು, ಈ ನಾಲ್ಕು ಬೆರಳು ಮಿಕ್ಕಿದ್ದು. ಮಧ್ಯ ಸಂದಿ ಇದೆಯಲ್ಲ, ಅದೇ ಗಾಸೆ." ಇಲ್ಲಿ ಇದನ್ನು ನೆನಪಿಟ್ಟುಕೊಳ್ಳುವುದು ಹೀಗೇ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಂಡಿಯಾದಲ್ಲಿ ಉಲ್ಟಾ ಓಡಿಸ್ತಾರಲ್ವಾ, ಹಾಗಾದ್ರೆ ಅಲ್ಲಿ ಎಡಗೈ ತೋರಿಸ್ಬೇಕಾ?"

"ಎಡಗೈ ಮುಂದೆ ಮಾಡಿದ್ರೆ ನಿಮ್ಮಜ್ಜಿ ಬೈತಾರೆ" ಅಂದರು ಇವರು. ನಾನೂ ನಕ್ಕೆ. ಅವಳು ನಗಲಿಲ್ಲ. "ಮತ್ತೆ ತಾತನ ಆಂಬುಲೆನ್ಸಿಗೆ ಹೇಗೆ ದಾರಿ ಬಿಟ್ರು?"

ಆ ಕಥೆ ಅವಳಿಗೆ ಅಜ್ಜಿಯಿಂದ ಅರ್ಧಂಬರ್ಧ ಗೊತ್ತು. "ಇರು, ಹೇಳ್ತೀನಿ" ಅಂದೆ. ತಕ್ಷಣ ಬಾಯಿ ಬರಲಿಲ್ಲ.

ಇಲ್ಲಿ ಓಡಿಸುವುದನ್ನು ಕಲಿಯುವಾಗ ನನಗೆ ಆದ ಅವಮಾನವೇ ಬೇರೆ ಕಥೆ. ಹನ್ನೊಂದು ವರ್ಷ ಓಡಿಸಿದ ಕೈ. ಆದರೆ ಈ ದೇಶಕ್ಕೆ ಬಂದು ನೆಲೆಸಿದ ಆರು ತಿಂಗಳಿಗೆ ನಮ್ಮೂರಿನ ಲೈಸೆನ್ಸ್ ಬರೀ ಕಾಗದ. ಮತ್ತೆ ಮೊದಲಿನಿಂದ, 30 ಪ್ರಶ್ನೆಯ ಪರೀಕ್ಷೆ, ಫಸ್ಟ್ ಏಡ್ ಕ್ಲಾಸು, ಆಮೇಲೆ ರೋಡ್ ಟೆಸ್ಟು. ಮೊದಲನೇ ಸಲ ಫೇಲು! ಬೋರ್ಡು, ಸಿಗ್ನಲ್ಲು ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರೇ ಮೊದಲು. ಅದು ಎಷ್ಟೇ ಸಣ್ಣ ಗಲ್ಲಿ ಆಗಿರಲಿ. ಗಲ್ಲಿಯಿಂದ ಒಬ್ಬ ಅಜ್ಜಿ ಪುಟ್ಟ ಕಾರಿನಲ್ಲಿ ಬರುತ್ತಿದ್ದರು, ನಾನು ದೊಡ್ಡ ರಸ್ತೆಯವಳು ಅನ್ನುವ ಗತ್ತಿನಲ್ಲಿ ಹೋಗಿಬಿಟ್ಟೆ. ಎಕ್ಸಾಮಿನರ್ ಏನೂ ಬಯ್ಯಲಿಲ್ಲ, ಗಾಡಿ ಪಕ್ಕಕ್ಕೆ ಹಾಕಿಸಿದರು, ಅಷ್ಟೇ. ಹಾಸನದಲ್ಲಿ ನಾನು ಕಲಿತ ನಿಯಮ ಒಂದೇ: ದೊಡ್ಡ ಗಾಡಿ ಮೊದಲು ಹೋಗುತ್ತದೆ, ಚಿಕ್ಕದು ಹಾರ್ನ್ ಮಾಡುತ್ತದೆ.

ಈಗ ತಾತನ ಕಥೆ. 2016. ಅಪ್ಪನಿಗೆ ಎದೆನೋವು ಬಂದು, ಹಾಸನದ ಡಾಕ್ಟರು ತಕ್ಷಣ ಬೆಂಗಳೂರಿಗೆ ಕರೆದುಕೊಂಡು ಹೋಗಿ ಅಂದರು. ಎಂಟು ತಿಂಗಳ ಕೂಸನ್ನು ಅಮ್ಮನ ಹತ್ತಿರ ಬಿಟ್ಟು ನಾನು ಆಂಬುಲೆನ್ಸ್ ಹತ್ತಿದೆ. ನೆಲಮಂಗಲದವರೆಗೆ ಹೂವಿನ ಹಾಗೆ ಬಂದೆವು. ಪೀಣ್ಯದ ಫ್ಲೈಓವರ್ ಇಳಿದು ಗೊರಗುಂಟೆಪಾಳ್ಯದ ಸಿಗ್ನಲ್ ಹತ್ತಿರ ಬಂದರೆ, ಮುಗೀತು. ಸಂಜೆ ಆರೂವರೆ. ಸೈರನ್ ಕಿರುಚುತ್ತಿತ್ತು, ಗಾಡಿ ಅಲ್ಲಾಡಲಿಲ್ಲ.

ಆಗ ನಾನು ಎಲ್ಲರನ್ನೂ ಮನಸ್ಸಿನಲ್ಲೇ ಬೈದುಕೊಂಡೆ. ಈಗ ಯೋಚಿಸಿದರೆ, ದಾರಿ ಬಿಡಬೇಕು ಅಂತ ಅಲ್ಲಿ ಎಷ್ಟೋ ಜನಕ್ಕೆ ಇತ್ತು. ಮುಂದಿನ ಕಾರಿನವನು ಸ್ಟೀರಿಂಗ್ ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಪಾಪ. ಆದರೆ ಬಂಪರಿಗೆ ಬಂಪರ್ ತಾಗಿಸಿ ನಿಂತ ಮೇಲೆ ಸರಿಯುವುದು ಎಲ್ಲಿಗೆ? ಒಂದು ಗೇಣು ಜಾಗ ಆದರೆ ಅದರೊಳಗೆ ಒಂದು ಬೈಕು. ಇಲ್ಲಿಯವರು ಸೈರನ್ ಕೇಳುವ ಮೊದಲೇ, ಚಕ್ರ ಇನ್ನೂ ಉರುಳುತ್ತಿರುವಾಗಲೇ ಸರಿಯುತ್ತಾರೆ. ಜಾಣತನ ಇರುವುದೇ ಆ ಅರ್ಧ ನಿಮಿಷದಲ್ಲಿ. 2019ರಲ್ಲಿ ನಮ್ಮಲ್ಲೂ ಕಾನೂನು ತಿದ್ದಿ, ಆಂಬುಲೆನ್ಸಿಗೆ ದಾರಿ ಬಿಡದವರಿಗೆ 10,000 ರೂಪಾಯಿ ದಂಡ ಅಂದರು. ಒಳ್ಳೆಯದೇ. ಆದರೆ ಎಲ್ಲಿಗೆ ಸರಿಯಬೇಕು, ಯಾವಾಗ ಸರಿಯಬೇಕು ಅಂತ ಲೈಸೆನ್ಸ್ ಕೊಡುವಾಗ ನನಗಂತೂ ಯಾರೂ ಹೇಳಿಕೊಟ್ಟಿರಲಿಲ್ಲ. ಎಂಟು ಬರೆಸಿದ್ದರು, ರಿವರ್ಸ್ ಮಾಡಿಸಿದ್ದರು.

ನಾಲ್ಕೈದು ನಿಮಿಷ ಆಗಿರಬೇಕು. ಪಕ್ಕದ ಆಟೋದಿಂದ ಡ್ರೈವರ್ ಇಳಿದ. ಖಾಕಿ ಅಂಗಿ, ಕುತ್ತಿಗೆಗೆ ಕರ್ಚೀಫು. ಹಿಂದೆ ಪ್ಯಾಸೆಂಜರ್ ಕೂತೇ ಇದ್ದರು! ಓಡಿ ಮುಂದೆ ಹೋದ. ಒಂದು ಕಾರಿನ ಬಾನೆಟ್ ಗುದ್ದಿದ, ಬಿಎಂಟಿಸಿ ಬಸ್ಸಿನ ಮುಂದೆ ಎರಡೂ ಕೈ ಚಾಚಿ ನಿಂತ, "ಏಯ್ ಹಾಕೋ ಸೈಡಿಗೆ, ಪೇಷಂಟ್ ಅವ್ರೆ ಕಾಣ್ಸಲ್ವಾ" ಅಂತ ಬೀದಿಗೇ ಕೇಳುವ ಹಾಗೆ ಕೂಗಿದ. ಇಬ್ಬರು ಹುಡುಗರು ಬೈಕ್ ನಿಲ್ಲಿಸಿ ಅವನ ಜೊತೆ ಸೇರಿದರು. ಒಂದೊಂದೇ ಗಾಡಿ ಜರುಗಿಸಿ ಸಿಗ್ನಲ್ ದಾಟಿಸಿದರು. ನಮ್ಮ ಹಿಂದೆಯೇ ನಾಲ್ಕು ಕಾರುಗಳೂ ನುಗ್ಗಿ ಬಂದವು, ಅದನ್ನೂ ಹೇಳಬೇಕಲ್ಲ. ಇಲ್ಲಿ ಹಾಗೆ ಬಾಲ ಹಿಡಿದು ಹೋದರೆ ಅದಕ್ಕೂ ದಂಡವಿದೆ.

ಅಪ್ಪ ಆಮೇಲೆ ಆರು ವರ್ಷ ಬದುಕಿದರು. ನಾವು ಜರ್ಮನಿಗೆ ಹೊರಟಾಗ ಏರ್‌ಪೋರ್ಟಿಗೆ ಬಂದು, ಟ್ರಾಲಿ ನಾನೇ ತಳ್ಳುತ್ತೇನೆ ಅಂತ ಹಟ ಮಾಡಿದರು.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಆಂಬುಲೆನ್ಸ್ ಬಂತು. ಓಣಿಯೊಳಗೆ ಸರ್ರನೆ ಹೋಯಿತು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಯಾರೂ ಇಳಿಯಲಿಲ್ಲ, ಯಾರೂ ಕೂಗಲಿಲ್ಲ, ಮುಂದಿನ ಕಾರಿನಲ್ಲಿ ಇಬ್ಬರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಹೀಗೇ ಇರಬೇಕು ಅಂತ ನನ್ನ ತಲೆಗೆ ಗೊತ್ತು. ಆದರೂ ಹೊಟ್ಟೆಯೊಳಗೆ ಏನೋ ಒಂಥರಾ ಆಯಿತು.

ಮಗಳು ಆಂಬುಲೆನ್ಸ್ ಮರೆಯಾಗುವವರೆಗೂ ನೋಡಿ ಕೇಳಿದಳು, "ಆ ಆಟೋ ಅಂಕಲ್ ಹೆಸರೇನು?"

ಗೊತ್ತಿಲ್ಲ ಕಂದ ಅಂದೆ. ಕಿಟಕಿ ಹತ್ತಿರ ಬಂದು "ಹೋಗ್ರೀ ಮೇಡಂ, ಏನಾಗಲ್ಲ" ಅಂದಿದ್ದ. ನಾನು ಥ್ಯಾಂಕ್ಸ್ ಅಂದೆನೋ ಇಲ್ಲವೋ, ಅದೂ ನೆನಪಿಲ್ಲ.